ಗ್ರೈಂಡರಿನ ಜಾಡು ಹಿಡಿದು

ಬೆಂಗಳೂರಿನ ವಿಜಯನಗರದ ಮೆಟ್ರೊ ನಿಲ್ದಾಣದಿಂದ ಇಳಿದು ಮಾರುತಿ ಮಂದಿರದ ಕಡೆಗೆ ನಡೆದರೆ ಚಾಕೊಲೇಟಿಗೆ ಬರವಿಲ್ಲ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಚಕ್ಕುಲಿ, ಕೋಡುಬಳೆ ತುಂಬಿದ ಭರಣಿಗಳ ಪಕ್ಕದಲ್ಲೇ ಅದರ ಸ್ಟ್ಯಾಂಡು. ಮೆಡಿಕಲ್ ಶಾಪಿನಲ್ಲಿ ಕೆಮ್ಮಿನ ಮಾತ್ರೆಯ ಡಬ್ಬಿಗೆ ಒರಗಿ ನಿಂತಿರುತ್ತದೆ. ಚಿಲ್ಲರೆ ಇಲ್ಲದಾಗ ನಾಣ್ಯದ ಬದಲು ಕೈಗೆ ಬರುವುದೂ ಅದೇ. ಬೇಕರಿಯಲ್ಲಿ ಕೇಕಿನ ಮೇಲೆ, ಐಸ್‌ಕ್ರೀಮ್ ಅಂಗಡಿಯಲ್ಲಿ ಕೋನಿನ ಒಳಗೆ, ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲಿಂಗ್ ಕೌಂಟರಿನ ಎರಡೂ ಮಗ್ಗುಲಿಗೆ, ಮಕ್ಕಳ ಕೈಗೆ ಎಟಕುವ ಎತ್ತರಕ್ಕೆ ಸರಿಯಾಗಿ. 2024ರಲ್ಲಿ ನಿಲ್ದಾಣದ ಪಕ್ಕ ತೆರೆದ ನೆಲದಡಿಯ ಕೃಷ್ಣದೇವರಾಯ ಪಾಲಿಕೆ ಬಜಾರಿಗೂ ಇಳಿದು ಒಂದು ಸುತ್ತು ಹಾಕಿದೆ. ಎ.ಸಿ.ಯ ತಂಪು ಸಿಕ್ಕಿತು, ಬೇಕಾದದ್ದು ಸಿಗಲಿಲ್ಲ.

ಬೇಕಾಗಿದ್ದದ್ದು ಸೋಯಾ ಇಲ್ಲದ ಚಾಕೊಲೇಟ್. ಬಸವೇಶ್ವರನಗರದಲ್ಲಿರುವ ತಂಗಿಯ ಮಗಳು ಫೋನ್ ಮಾಡಿದ್ದಳು. “ದೊಡ್ಡಮ್ಮ, ಪಾಪುಗೆ ಸೋಯಾ ಆಗಲ್ಲ ಅಂದಿದಾರೆ ಡಾಕ್ಟ್ರು. ಚಾಕೊಲೇಟ್ ಎತ್ತಿಕೊಂಡು ನೋಡಿದ್ರೆ ಎಲ್ಲದರ ಹಿಂದೇನೂ ಸೋಯಾ ಸೋಯಾ ಅಂತಿದೆ. ನೀವು ದಿನಾ ವಾಕಿಂಗ್ ಹೋಗ್ತೀರಲ್ಲ, ಸ್ವಲ್ಪ ನೋಡಿ.” ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನನಗೆ ಇಂಥ ಕೆಲಸಗಳು ಬರುತ್ತಿರುತ್ತವೆ. ಲೆಡ್ಜರಿನ ಸಣ್ಣ ಅಕ್ಷರ ಓದಿ ಓದಿ ಅಭ್ಯಾಸವಾದ ಕಣ್ಣು. ಹೊದಿಕೆಯ ಹಿಂಬದಿ ಓದುವುದಕ್ಕೆ ಅದೂ ಸಾಲದೆಂದು ಕೈಯಲ್ಲೊಂದು ಭೂತಗನ್ನಡಿ.

ಓದುವುದಕ್ಕೂ ಒಂದು ಕ್ರಮವಿದೆ. ನಮ್ಮ ಆಹಾರ ಕಾನೂನಿನ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಸಾಧಾರಣ ಚಾಕೊಲೇಟಿನಲ್ಲಿ ಮೊದಲ ಹೆಸರು ಸಕ್ಕರೆ. ಅಂದರೆ ಅದು ಕೋಕೊ ಬೆರೆಸಿದ ಸಕ್ಕರೆ, ಸಕ್ಕರೆ ಬೆರೆಸಿದ ಕೋಕೊ ಅಲ್ಲ. ಕೊನೆಕೊನೆಗೆ ‘ಎಮಲ್ಸಿಫೈಯರ್’ ಎಂದು ಬರೆದು ಮುಂದೆ ಒಂದೆರಡು ಸಂಖ್ಯೆ. 322 ಎಂದರೆ ಲೆಸಿಥಿನ್, ಹೆಚ್ಚಿನಂಶ ಸೋಯಾದಿಂದ ಬಂದದ್ದು. ಸೂರ್ಯಕಾಂತಿಯಿಂದ ತೆಗೆದದ್ದಕ್ಕೂ ಅದೇ 322, ಹಾಗಾಗಿ ಬರಿ ಸಂಖ್ಯೆ ನೋಡಿ ತೀರ್ಮಾನ ಮಾಡುವಂತಿಲ್ಲ. 476 ಎಂಬುದು ಹರಳೆಣ್ಣೆಯಿಂದ ಮಾಡಿದ್ದು. 442 ಸಾಮಾನ್ಯವಾಗಿ ರೇಪ್‌ಸೀಡ್ ಎಣ್ಣೆಯಿಂದ. ಇವೆಲ್ಲದರ ಕೆಳಗೆ ದಪ್ಪಕ್ಷರದಲ್ಲಿ ಅಲರ್ಜಿಯ ಸಾಲು: ಹಾಲು ಇದೆ, ಸೋಯಾ ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 2020ರ ಲೇಬಲ್ ನಿಯಮದಲ್ಲಿ ಗೋಧಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿಗಳ ಜೊತೆಗೆ ಸೋಯಾವನ್ನೂ ಕಡ್ಡಾಯವಾಗಿ ಹೇಳಬೇಕಾದ ಪಟ್ಟಿಗೆ ಸೇರಿಸಿದ್ದಾರೆ. ಆ ಒಂದು ಸಾಲು ಇಲ್ಲದಿದ್ದರೆ ನನ್ನಂಥವರು ಕೈಚೆಲ್ಲಿ ಕೂರಬೇಕಿತ್ತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಸೋಯಾ ಅಲರ್ಜಿ ಬರುವುದು ಅದರ ಪ್ರೋಟೀನಿನಿಂದ. ಲೆಸಿಥಿನ್ ಜಿಡ್ಡಿನ ಜಾತಿಯದು; ಚೆನ್ನಾಗಿ ಶುದ್ಧಗೊಳಿಸಿದ್ದರಲ್ಲಿ ಪ್ರೋಟೀನ್ ಉಳಿಯುವುದು ತೀರಾ ಅಲ್ಪ. ಸೋಯಾ ಆಗದವರಲ್ಲೂ ಬಹಳ ಮಂದಿಗೆ ಅದು ಏನೂ ಮಾಡುವುದಿಲ್ಲ. ಆದರೆ ನಮ್ಮ ಮಗು ಆ ‘ಬಹಳ ಮಂದಿ’ಯಲ್ಲಿ ಸೇರಿದೆಯೋ ಇಲ್ಲವೋ ಎಂದು ತಿನ್ನಿಸಿ ನೋಡಿ ತಿಳಿಯುವ ಧೈರ್ಯ ತಾಯಿಗಿಲ್ಲ, ನನಗೂ ಇಲ್ಲ. ಇನ್ನು ಸೋಯಾ ಬಗ್ಗೆ ನನಗೆ ಯಾವ ಹಗೆಯೂ ಇಲ್ಲ. ಬೀದರಿನ ಕಡೆ ಕಪ್ಪು ನೆಲದಲ್ಲಿ ಅದು ಎಷ್ಟು ಕುಟುಂಬಗಳ ಮುಂಗಾರು ಬೆಳೆ ಎಂದು ಆ ಶಾಖೆಯಲ್ಲಿ ಕೆಲಸ ಮಾಡಿದಾಗ ಕಂಡಿದ್ದೇನೆ. ಬೇಳೆಯಾಗಿ, ಎಣ್ಣೆಯಾಗಿ ಇದ್ದಲ್ಲಿ ಇರಲಿ. ಚಾಕೊಲೇಟಿನಲ್ಲಿ ಅದಕ್ಕೇನು ಕೆಲಸ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಹಂಪಿನಗರದ ಪರಿಚಯದ ಬೇಕರಿಯವರನ್ನು ಕೇಳಿದೆ. ಬೆಳಗಿನ ಬನ್ನು ಖಾಲಿಯಾಗಿ, ಸಂಜೆಯ ಪಫ್ ಇನ್ನೂ ಬರದ ಹೊತ್ತು.

“ಅಮ್ಮಾ, ನಮ್ಮಲ್ಲಿ ಚಾಕೊಲೇಟ್ ಅನ್ನೋದೇ ಇಲ್ಲ,” ಎಂದರು ಅವರು, ಸಂಕೋಚವಿಲ್ಲದೆ. “ಕೇಕ್ ಮೇಲೆ ಇರೋದು ಡಾರ್ಕ್ ಕಾಂಪೌಂಡು. ಚಿಕ್ಕಪೇಟೆ ಕಡೆಯಿಂದ ಸ್ಲ್ಯಾಬ್ ತರ್ತೀವಿ, ಕರಗಿಸ್ತೀವಿ, ಸುರೀತೀವಿ. ನಿಜವಾದ ಚಾಕೊಲೇಟ್ ಸುರಿದ್ರೆ ಏಪ್ರಿಲ್‌ನಲ್ಲಿ ಈ ಶೋಕೇಸಲ್ಲಿ ನಿಲ್ಲಲ್ಲ, ರೇಟೂ ನಿಲ್ಲಲ್ಲ.”

ಅವರ ಮಾತಿನಲ್ಲಿ ಇಡೀ ವ್ಯಾಪಾರದ ಒಳಗುಟ್ಟಿತ್ತು. ಕಾಂಪೌಂಡಿನಲ್ಲಿ ಕೋಕೊ ಬೆಣ್ಣೆ ತೆಗೆದು ತಾಳೆ ಜಾತಿಯ ಗಟ್ಟಿ ಎಣ್ಣೆ ಹಾಕಿರುತ್ತಾರೆ. ಅದು ಕರಗಿಸಿ ಸುರಿದರೆ ತಾನಾಗಿ ಹೊಳೆಯುತ್ತ ಗಟ್ಟಿಯಾಗುತ್ತದೆ. ನಿಜವಾದ ಚಾಕೊಲೇಟ್ ಹಾಗಲ್ಲ. ಕೋಕೊ ಬೆಣ್ಣೆ ಹರಳುಗಟ್ಟುವ ಬಗೆ ಆರು. ಅದರಲ್ಲಿ ಒಂದೇ ಒಂದು ಬಗೆ ಮಾತ್ರ ಟಕ್ ಎಂದು ಮುರಿಯುವ, ಹೊಳೆಯುವ, ನಾಲಿಗೆಯ ಮೇಲೆ ಕರಗುವ ಚಾಕೊಲೇಟ್ ಆಗುತ್ತದೆ. ಆ ಬಗೆಯೇ ಬರಬೇಕೆಂದರೆ ಕರಗಿಸಿ, ತಣಿಸಿ, ಮತ್ತೆ ತುಸು ಬಿಸಿ ಮಾಡಿ ಪಳಗಿಸಬೇಕು. ಅದು ಕರಗುವುದೋ ಸುಮಾರು 34 ಡಿಗ್ರಿಗೆ, ನಮ್ಮ ಮೈಯ ಬಿಸಿಗಿಂತ ಸ್ವಲ್ಪ ಕಡಿಮೆ. ಬಾಯಲ್ಲಿ ಕರಗಲೆಂದೇ ಹುಟ್ಟಿದ ಬೆಣ್ಣೆ. ಆದರೆ ಬೆಂಗಳೂರಿನ ಬೇಸಿಗೆಯೂ ಈಗ ಆ ಅಂಕಿಯನ್ನು ದಾಟುತ್ತಿದೆ. ನಮ್ಮ ಬಡಾವಣೆಯಲ್ಲಿ ‘ಹೋಮ್‌ಮೇಡ್’ ಎಂದು ಬಣ್ಣದ ಹಾಳೆ ಸುತ್ತಿ ಬರುವುದರಲ್ಲಿ ಬಹುಪಾಲು, ಕೊಡಗು ಊಟಿಗಳಿಂದ ಪ್ರವಾಸಿಗರು ಹೊತ್ತು ತರುವುದರಲ್ಲೂ ಬಹುಪಾಲು, ಇದೇ ಕಾಂಪೌಂಡನ್ನು ಮನೆಯಲ್ಲಿ ಕರಗಿಸಿ ಅಚ್ಚಿಗೆ ಹಾಕಿದ್ದು. ಮನೆಯಲ್ಲಿ ಮಾಡಿದ್ದು ಎಂಬುದು ಸುಳ್ಳಲ್ಲ. ಚಾಕೊಲೇಟ್ ಎಂಬುದು ಅರ್ಧ ಸುಳ್ಳು.

ಸೋಯಾಕ್ಕೆ ಬರುತ್ತೇನೆ. ಕೋಕೊ ಬೀಜ ಅರೆದರೆ ಬರುವುದು ಬೆಣ್ಣೆ ತುಂಬಿದ ಒಂದು ಮುದ್ದೆ. ಅದಕ್ಕೆ ಸಕ್ಕರೆ ಪುಡಿ ಸೇರಿದೊಡನೆ ಬಿಗಿಯುತ್ತದೆ. ಸಕ್ಕರೆಗೆ ಜಿಡ್ಡು ಹಿಡಿಸುವುದಿಲ್ಲ. ಕಣಕಣಗಳು ಒಂದಕ್ಕೊಂದು ಉಜ್ಜಿ ಮಿಶ್ರಣ ಹರಿಯಲು ಒಲ್ಲೆನ್ನುತ್ತದೆ. ಹರಿಸಬೇಕಾದರೆ ಇನ್ನಷ್ಟು ಕೋಕೊ ಬೆಣ್ಣೆ ಹಾಕಬೇಕು, ಮತ್ತು ಬಹಳ ಹೊತ್ತು ಅರೆಯಬೇಕು. ಕೋಕೊ ಬೆಣ್ಣೆಯೋ ಬೀಜದಲ್ಲೇ ಅತ್ಯಂತ ಬೆಲೆಯ ಭಾಗ. ತುಟಿಗೆ ಹಚ್ಚುವ ಮುಲಾಮಿನವರೂ ಅದಕ್ಕೆ ಕಾದಿರುತ್ತಾರೆ. ಲೆಸಿಥಿನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ಅಣುವಿನ ಒಂದು ತುದಿ ಸಕ್ಕರೆಯನ್ನು ಹಿಡಿಯುತ್ತದೆ, ಇನ್ನೊಂದು ಬೆಣ್ಣೆಯನ್ನು. ನೂರು ಗ್ರಾಮಿಗೆ ಅರ್ಧ ಗ್ರಾಮಿಗಿಂತ ಕಡಿಮೆ ಹಾಕಿದರೂ ಮುದ್ದೆ ಸಡಿಲಾಗಿ ಕೊಳವೆಯಲ್ಲಿ ಸರಾಗ ಹರಿಯುತ್ತದೆ. ತನ್ನ ತೂಕದ ಹತ್ತು ಪಟ್ಟು ಕೋಕೊ ಬೆಣ್ಣೆಯ ಕೆಲಸವನ್ನು ಅದು ಮಾಡುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ಜಾಸ್ತಿ ಹಾಕಿದರೆ ಮತ್ತೆ ಬಿಗಿಯುತ್ತದೆ, ಅದು ಬೇರೆ.

ಲೆಸಿಥಿನ್ನನ್ನು ಮೊದಲು ಬೇರ್ಪಡಿಸಿದವನು ಫ್ರಾನ್ಸಿನ ಗೋಬ್ಲೆ, 1840ರ ದಶಕದಲ್ಲಿ, ಮೊಟ್ಟೆಯ ಹಳದಿಯಿಂದ. ಆಗ ಅದು ದುಬಾರಿ ವಸ್ತು. 1920ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗಿನ ಎಣ್ಣೆ ಗಿರಣಿಗಳಲ್ಲಿ ಸೋಯಾ ಎಣ್ಣೆ ತೆಗೆಯುವಾಗ ಅಂಟಂಟಾದ ಗಸಿ ಉಳಿಯುತ್ತಿತ್ತು. ಅದರಿಂದ ಲೆಸಿಥಿನ್ ತೆಗೆಯುವ ವಿಧಾನ ಕೈಗೂಡಿದ ಮೇಲೆ ಬೆಲೆ ಇಳಿಯಿತು. ಎಸೆಯುವ ಗಸಿಗೆ ಗಿರಾಕಿ ಬೇಕಿತ್ತು, ಚಾಕೊಲೇಟಿನವರಿಗೆ ಬೆಣ್ಣೆಯ ಖರ್ಚು ತಗ್ಗಬೇಕಿತ್ತು. ರುಚಿಗಾಗಿ ಯಾರೂ ಅದನ್ನು ಹಾಕಿದ್ದಲ್ಲ. ಹಾಗೆಂದು ಅದು ವಿಷವೂ ಅಲ್ಲ. ಯುರೋಪಿನ ಹೆಸರಾಂತ ಚಾಕೊಲೇಟುಗಳಲ್ಲೂ ಇರುತ್ತದೆ, ಚೆನ್ನಾಗಿಯೇ ಇರುತ್ತವೆ. ಲೆಸಿಥಿನ್ ಇಲ್ಲದ್ದೆಲ್ಲ ಶ್ರೇಷ್ಠ ಎಂದು ಹೊರಟವರು ನನ್ನ ವಾಕಿಂಗ್ ಗುಂಪಿನಲ್ಲೂ ಇದ್ದಾರೆ. ಕೆಟ್ಟ ಬೀಜವನ್ನು ಸುಟ್ಟು ಕರಿಕು ಮಾಡಿ ಏನನ್ನೂ ಬೆರೆಸದೆ ಅರೆದರೂ ಕೆಟ್ಟ ಚಾಕೊಲೇಟೇ ಬರುತ್ತದೆ. ಆದರೆ ಅದು ಇಲ್ಲ ಎಂದಾದರೆ ಅದರ ಜಾಗದಲ್ಲಿ ಎರಡರಲ್ಲೊಂದು ಇರಲೇಬೇಕು. ಒಂದೋ ಹೆಚ್ಚಿನ ಬೆಣ್ಣೆ, ಇಲ್ಲವೇ ಹೆಚ್ಚಿನ ಹೊತ್ತು.

ಹೊತ್ತಿನ ಮಾತು ನನಗೆ ಹೊಳೆದದ್ದು ಓದಿ ಅಲ್ಲ, ಪೈಪ್‌ಲೈನ್ ರಸ್ತೆಯ ಕಡೆ ಮಿಕ್ಸಿ-ಗ್ರೈಂಡರ್ ರಿಪೇರಿಯ ಒಂದು ಸಣ್ಣ ಅಂಗಡಿಯಲ್ಲಿ. ನಮ್ಮ ಮನೆಯ ಗ್ರೈಂಡರಿನ ಬೆಲ್ಟ್ ಹೋಗಿತ್ತು. ಅಂಗಡಿಯವರು ಬಗ್ಗಿ ಕೂತು ಬೇರೊಂದು ಗ್ರೈಂಡರಿನ ಪಾತ್ರೆಯಿಂದ ಏನನ್ನೋ ಕೆರೆಯುತ್ತಿದ್ದರು. ಕಡು ಕಂದು, ಒಣಗಿದ ಕೆಸರಿನ ಹಾಗೆ. ಅಂಗಡಿ ತುಂಬ ಹುರಿದ ವಾಸನೆ.

“ಏನಪ್ಪಾ ಇದು, ರಾಗಿ ಅರೆದಿದಾರಾ?”

“ಅಲ್ಲಾ ಮೇಡಂ, ಚಾಕೊಲೇಟಂತೆ. ಯಾರೋ ಸಾಫ್ಟ್‌ವೇರ್ ಹುಡುಗರು. ಮನೇಲಿ ಮಾಡ್ತಾರಂತೆ. ಎರಡು ದಿನ ನಿಲ್ಲಿಸದೆ ಓಡಿಸಿದಾರೆ, ಮೋಟ್ರು ಸುಟ್ಟೋಗಿದೆ. ದೋಸೆ ಹಿಟ್ಟಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಅಂತ ಮಾಡಿರೋ ಮೋಟ್ರು ಇದು. ಎರಡು ದಿನ ಓಡ್ಸಿದ್ರೆ ಇನ್ನೇನಾಗುತ್ತೆ? ಬೇರೆಯವರು ಹೆಂಗ್ ಓಡಿಸ್ತಾರೋ ನಂಗೆ ಅದೇ ಅರ್ಥ ಆಗ್ತಿಲ್ಲ.”

ನನ್ನ ಬೆಲ್ಟಿನ ವಿಚಾರ ನನಗೇ ಮರೆತುಹೋಯಿತು. ಆಮೇಲೆ ಓದಿ, ವಿಚಾರಿಸಿ ತಿಳಿದದ್ದು ಇಷ್ಟು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಜಾನ್ ನಾನ್ಸಿ ಎಂಬಾತ ಬೀಜದಿಂದಲೇ ಚಾಕೊಲೇಟ್ ಮಾಡುವುದನ್ನು ಮನೆಯವರಿಗೂ ಕಲಿಸಬೇಕೆಂದು ಹೊರಟರು. ಬೀಜ ಹುರಿಯುವುದಕ್ಕೆ ಒಲೆ ಸಾಕು, ಸಿಪ್ಪೆ ಹಾರಿಸುವುದಕ್ಕೆ ಗಾಳಿ ಸಾಕು. ಆದರೆ ನಾಲಿಗೆಗೆ ತರಿ ಸಿಗದಷ್ಟು ನುಣ್ಣಗೆ, ಅಂದರೆ ಸುಮಾರು 20 ಮೈಕ್ರಾನಿಗೆ ಅರೆಯುವುದು ಹೇಗೆ? ಕಾರ್ಖಾನೆಯ ಯಂತ್ರಗಳು ಟನ್ನುಗಟ್ಟಲೆ ತೂಕದವು. ಮಿಕ್ಸಿಯಿಂದ ಆಗುವುದಿಲ್ಲ, ಕಾಫಿ ಯಂತ್ರದಿಂದ ಆಗುವುದಿಲ್ಲ. ಕೊನೆಗೆ ಅವರ ಕೈಗೆ ಸಿಕ್ಕಿದ್ದು ಕೊಯಮತ್ತೂರಿನಲ್ಲಿ ತಯಾರಾದ ಶಾಂತಾ ಗ್ರೈಂಡರ್. ಕಲ್ಲಿನ ತಳ, ಮೇಲೆ ಉರುಳುವ ಕಲ್ಲು, ನಾವು ಇಡ್ಲಿಗೆ ಉದ್ದು ಹಾಕುವ ಅದೇ ಯಂತ್ರ. ಆ ಕಂಪನಿಯವರೇ ಮುಂದೆ ಮೋಟಾರು ಬದಲಿಸಿ, ದಿನಗಟ್ಟಲೆ ಓಡುವಂಥ ಚಾಕೊಲೇಟ್ ಯಂತ್ರಗಳನ್ನೇ ಮಾಡತೊಡಗಿದರು. ಇವತ್ತು ಪ್ರಪಂಚದ ಮೂಲೆಮೂಲೆಯ ಸಣ್ಣ ಚಾಕೊಲೇಟಿನವರ ಕೋಣೆಯಲ್ಲಿ ಗುಡುಗುಡು ಎನ್ನುತ್ತಿರುವುದು ಹೆಚ್ಚಾಗಿ ಕೊಯಮತ್ತೂರಿನ ಕಲ್ಲು. 1879ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರೊಡಾಲ್ಫ್ ಲಿಂಟ್ ತನ್ನ ಯಂತ್ರವನ್ನು ಆರಿಸದೆ ಹೋಗಿ, ಅದು ದಿನಗಟ್ಟಲೆ ತಿರುಗಿದ್ದರಿಂದ ಚಾಕೊಲೇಟ್ ಮೊದಲ ಸಲ ನುಣುಪಾಯಿತು ಎಂಬ ಕಥೆಯೊಂದಿದೆ. ಕಥೆ ನಿಜವೋ ಅಲ್ಲವೋ, ತತ್ವ ಅದೇ. ಬಿಡದೆ ತಿರುಗಿದರೆ ನೀರಿನಂಶ ಆರುತ್ತದೆ, ಹುಳಿ ಹಾರುತ್ತದೆ, ಪ್ರತಿ ಕಣಕ್ಕೂ ಬೆಣ್ಣೆ ಮೆತ್ತುತ್ತದೆ, ಗಸಿಯ ಸಹಾಯ ಬೇಡವಾಗುತ್ತದೆ. ಒಂದೇ ಎಚ್ಚರ: ಉದ್ದಿನ ಗ್ರೈಂಡರಿಗೆ ನೀರು ಬೇಕೇಬೇಕು, ಚಾಕೊಲೇಟಿನದಕ್ಕೆ ಒಂದು ಹನಿ ಬಿದ್ದರೂ ಇಡೀ ಪಾತ್ರೆ ಕಲ್ಲಾಗುತ್ತದೆ.

ಅಲ್ಲಿಂದ ನಾನು ಅಂಗಡಿಗಳಲ್ಲಿ ಕೇಳುವ ರೀತಿ ಬದಲಾಯಿತು. “ಸೋಯಾ ಇಲ್ಲದ್ದು ಇದೆಯಾ?” ಎಂದರೆ ಹುಡುಗರು ಸಕ್ಕರೆ ಇಲ್ಲದ್ದನ್ನು ತಂದು ಕೊಡುತ್ತಿದ್ದರು. “ಕಲ್ಲಲ್ಲಿ ಅರೆದದ್ದು ಇದೆಯಾ?” ಎಂದು ಕೇಳಿದಾಗ ಒಬ್ಬ ಸಾವಯವ ಅಂಗಡಿಯ ಹುಡುಗಿ ಮಾತಿಲ್ಲದೆ ಫ್ರಿಜ್ ಬಾಗಿಲು ತೆರೆದಳು. ಸಿರಿಧಾನ್ಯದ ಮೂಟೆ, ಗಾಣದೆಣ್ಣೆಯ ಕ್ಯಾನುಗಳ ಹಿಂದೆ ಅವು ಇದ್ದವು. ಪಾಂಡಿಚೇರಿಯ ಪಕ್ಕದ ಆರೋವಿಲ್‌ನ ಮೇಸನ್ ಅಂಡ್ ಕೋ, ನಮ್ಮದೇ ಮೈಸೂರಿನ ನವಿಲುನಾ. ಹಿಂದೆ ತಿರುಗಿಸಿದೆ. ಕೋಕೊ ಬೀಜ, ಸಕ್ಕರೆ. ಒಂದರಲ್ಲಿ ಕೋಕೊ ಬೆಣ್ಣೆ. ಅಷ್ಟೇ. ಭೂತಗನ್ನಡಿ ಚೀಲ ಸೇರಿತು. ಬೆಲೆ ನೋಡಿದಾಗ ಅದನ್ನು ಮತ್ತೆ ತೆಗೆದು ಖಾತ್ರಿ ಮಾಡಿಕೊಳ್ಳಬೇಕೆನಿಸಿತು.

ನವಿಲುನಾ 2012ರಲ್ಲಿ ಡೇವಿಡ್ ಬೆಲೊ ಮತ್ತು ಸಂಗಾತಿ ‘ಅರ್ಥ್ ಲೋಫ್’ ಎಂಬ ಹೆಸರಿನಲ್ಲಿ ಮೈಸೂರಿನಲ್ಲಿ ಶುರುಮಾಡಿದ್ದು. ದೇಶದಲ್ಲಿ ಬೀಜದಿಂದ ಬಾರಿನವರೆಗೂ ತಾವೇ ಮಾಡುವ ಚಾಕೊಲೇಟಿಗೆ ನಾಂದಿ ಹಾಡಿದವರಲ್ಲಿ ಅವರು ಮೊದಲಿಗರು. ದಕ್ಷಿಣ ಭಾರತದ ತೋಟಗಳ ಬೀಜ, ಕಲ್ಲಿನ ಅರೆತ. ಕೊಂಡೆ, ಅಲ್ಲೇ ನಿಂತು ಒಂದು ಚೂರು ಬಾಯಿಗೆ ಹಾಕಿಕೊಂಡೆ. ಮೊದಲು ಕಹಿ, ಹಿಂದೆಯೇ ಹಣ್ಣಿನಂಥ ಹುಳಿ. ಮಗುವಿನ ತಾಯಿಗೆ ಫೋನಿನಲ್ಲಿ ಹೊದಿಕೆಯ ಕೊನೆಯ ಸಾಲನ್ನೂ ಓದಿ ಹೇಳಿದೆ. ಸಣ್ಣ ತಯಾರಕರು ಒಂದೇ ಕೋಣೆಯಲ್ಲಿ ಬಾದಾಮಿ, ಗೋಡಂಬಿಗಳನ್ನೂ ಬಳಸುವುದುಂಟು. ಬೇರೆ ಅಲರ್ಜಿ ಇರುವವರು ಅದನ್ನೂ ನೋಡಿಕೊಳ್ಳಬೇಕು.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ರಿಪೇರಿಯವರ ಪ್ರಶ್ನೆ ತಲೆಯಲ್ಲಿ ಕೂತಿತ್ತು: ಬೇರೆಯವರು ಹೇಗೆ ಓಡಿಸುತ್ತಾರೆ? ಪುತ್ತೂರಿನ ಆಚೆ ನನ್ನ ಜೊತೆ ಕೆಲಸ ಮಾಡಿದ ಭಟ್ಟರೊಬ್ಬರಿದ್ದಾರೆ. ಅಡಿಕೆ ತೋಟ, ನಡುನಡುವೆ ಕೊಕ್ಕೊ. ಆ ಕಡೆ ಯಾರೂ ಕೋಕೊ ಎನ್ನುವುದಿಲ್ಲ, ಕೊಕ್ಕೊ ಎಂದೇ. ಸೊಸೆ ಗ್ರೈಂಡರಿನಲ್ಲಿ ಏನೋ ಚಾಕೊಲೇಟ್ ಪ್ರಯೋಗ ಮಾಡುತ್ತಾಳೆ ಎಂದು ಹಿಂದೊಮ್ಮೆ ಹೇಳಿದ್ದರು. ಬರುತ್ತೇನೆ ಎಂದೆ. “ಬನ್ನಿ ಮಾರಾಯ್ರೇ, ಕೇಳುವುದೆಂತ” ಎಂದರು.

ನವೆಂಬರಿನ ಒಂದು ಬೆಳಗ್ಗೆ ಯಶವಂತಪುರದಿಂದ ಹಗಲು ರೈಲು. ಕುಣಿಗಲ್, ಶ್ರವಣಬೆಳಗೊಳ, ಹಾಸನ. ಸಕಲೇಶಪುರ ದಾಟಿದ ಮೇಲೆ ಸುರಂಗಗಳು. ಬೆಳಕು, ಕತ್ತಲು, ಜಲಪಾತ, ಕತ್ತಲು. ಎದುರಿಗೆ ಕೂತಿದ್ದ ಕಾಲೇಜು ಹುಡುಗ ಪ್ರತಿ ಸುರಂಗಕ್ಕೂ ಫೋನ್ ಎತ್ತಿ, ಸಿಗ್ನಲ್ ಇಲ್ಲವೆಂದು ಇಳಿಸುತ್ತಿದ್ದ. ಸುಬ್ರಹ್ಮಣ್ಯ ರೋಡಿನಲ್ಲಿ ಅರ್ಧ ರೈಲು ಖಾಲಿ. ಕಬಕ ಪುತ್ತೂರಿನಲ್ಲಿ ಇಳಿದಾಗ ಮೈಗೆ ಹಬೆ ಬಡಿದಂತಾಯಿತು.

ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇದೆ. ವಿಜಯನಗರದ ಮಂಗಳೂರು ಸಾಮಾನಿನ ಅಂಗಡಿಗಳಲ್ಲಿ ಕೊಚ್ಚಕ್ಕಿ, ಹಪ್ಪಳದ ಪಕ್ಕ ಅದರ ಬಾರುಗಳನ್ನು ನೋಡಿದ್ದೆ. ಆ ಕಾರ್ಖಾನೆಯ ಹಿಂದೆ ಒಂದು ಸಂಕಟದ ಕಥೆ ಇದೆ. 1960, 70ರ ದಶಕಗಳಲ್ಲಿ ಕ್ಯಾಡ್‌ಬರಿ ಕಂಪನಿ ಇಲ್ಲಿನ ಮತ್ತು ಕೇರಳದ ರೈತರಿಗೆ ಕೊಕ್ಕೊ ಬೆಳೆಯಲು ಹುರಿದುಂಬಿಸಿತು; ಅಡಿಕೆಯ ನೆರಳಲ್ಲಿ ಅದು ಚೆನ್ನಾಗಿಯೇ ಬಂತು. 1980ರ ಹೊತ್ತಿಗೆ ಪ್ರಪಂಚದ ಧಾರಣೆ ಕುಸಿದಾಗ ಕೊಳ್ಳುವವರು ಹಿಂದೆ ಸರಿದರು. ಗಿಡ ಕಡಿಯುವ ಹಂತಕ್ಕೆ ಬಂದ ಬೆಳೆಗಾರರ ಬೀಜವನ್ನು ಕ್ಯಾಂಪ್ಕೊ ಕೊಂಡಿತು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಹುಟ್ಟಿದ ಸಹಕಾರಿ ಅದು. ಕೊಂಡ ಬೀಜವನ್ನು ಮಾಡುವುದೇನು? ಚಾಕೊಲೇಟ್. 1986ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಬಂದು ಕಾರ್ಖಾನೆ ಉದ್ಘಾಟಿಸಿದರು. “ಆ ದಿನ ಪುತ್ತೂರಿಗೆ ಪುತ್ತೂರೇ ಅಲ್ಲಿತ್ತು,” ಎಂದು ಭಟ್ಟರು ದಾರಿಯುದ್ದಕ್ಕೂ ಹೇಳಿದರು. ಟನ್ನುಗಟ್ಟಲೆ ಮುದ್ದೆ ಕೊಳವೆಯಲ್ಲಿ ಓಡಬೇಕಾದ ದೊಡ್ಡ ಕಾರ್ಖಾನೆಗಳ ಚಾಕೊಲೇಟ್ ಎಮಲ್ಸಿಫೈಯರ್ ಇಲ್ಲದೆ ನಡೆಯುವುದು ಕಷ್ಟ. ಅದನ್ನು ದೂರಲು ನನಗೆ ಮನಸ್ಸಿಲ್ಲ. ರೈತನ ಬೀಜ ಗೊಬ್ಬರದ ಗುಂಡಿಗೆ ಬೀಳದಂತೆ ನೋಡಿಕೊಂಡ ಬಾರು ಅದು, ನಮ್ಮ ಮಗು ತಿನ್ನಲಾಗದಿದ್ದರೂ.

ಮನೆ ತಲುಪಿ, ಕೈಕಾಲು ತೊಳೆದು, ಬೆಲ್ಲ ನೀರು ಕುಡಿದು ತೋಟಕ್ಕಿಳಿದೆವು. ಕೊಕ್ಕೊ ಹಣ್ಣು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ. ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಹಳದಿ ತಿರುಗಿದ್ದನ್ನು ಭಟ್ಟರು ಕೊಯ್ದು, ಕತ್ತಿ ಬದಿಗಿಟ್ಟು ಕಲ್ಲಿಗೆ ಬಡಿದು ಒಡೆದರು. ಕತ್ತಿ ಹಾಕಿದರೆ ಬೀಜಕ್ಕೆ ಗಾಯವಾಗುತ್ತದಂತೆ. ಒಳಗೆ ಬಿಳಿ ಲೋಳೆ ಸುತ್ತಿದ ಬೀಜಗಳ ಗೊಂಚಲು. ಚೀಪಿದರೆ ಸಿಹಿ, ಒಗರು, ತುಸು ಸೀತಾಫಲದ ನೆನಪು. ಚಾಕೊಲೇಟಿನ ಸುಳಿವೇ ಇಲ್ಲ. ಮಳೆಗಾಲದಲ್ಲಿ ಕಾಯಿಗೆ ಕೊಳೆ, ಉಳಿದ ಕಾಲದಲ್ಲಿ ಅಳಿಲು, ಇಲಿ, ಮಂಗ. “ನಮಗೆ ಉಳಿದದ್ದು ನಮ್ಮದು,” ಎಂದರು ಭಟ್ಟರು. ಹಸಿ ಬೀಜವನ್ನು ಅದೇ ದಿನ ಕ್ಯಾಂಪ್ಕೊಗೆ ಹಾಕಿದರೆ ಹಣ ಬರುತ್ತದೆ, ತಲೆನೋವಿಲ್ಲ. 2024ರಲ್ಲಿ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್, ಘಾನಾಗಳಲ್ಲಿ ಬೆಳೆ ಕೆಟ್ಟು ಜಾಗತಿಕ ಧಾರಣೆ ಟನ್ನಿಗೆ 10,000 ಡಾಲರ್ ದಾಟಿದಾಗ ಮರೆತುಹೋಗಿದ್ದ ಗಿಡಗಳಿಗೂ ಇಲ್ಲಿ ಗೊಬ್ಬರ ಬಿತ್ತು.

ಸೊಸೆ ಮಾತ್ರ ಬೀಜದ ಒಂದು ಪಾಲನ್ನು ಮಾರಲು ಬಿಡುವುದಿಲ್ಲ. ಅಂಗಳದ ಮೂಲೆಯಲ್ಲಿ ಮರದ ಪೆಟ್ಟಿಗೆ, ಒಳಗೆ ಬಾಳೆ ಎಲೆ, ಮೇಲೆ ಗೋಣಿ. ಮುಚ್ಚಳ ಸರಿಸಿದೊಡನೆ ಹೆಂಡದ ವಾಸನೆ, ಅದರ ಬೆನ್ನಿಗೆ ವಿನೆಗರಿನದು. ಕೈ ಇಟ್ಟರೆ ಜ್ವರ ಬಂದವರ ಹಣೆಗಿಂತ ಬಿಸಿ.

“ಆರು ದಿನ ಅಕ್ಕ. ನಡುವೆ ಮಗುಚಬೇಕು. ಇಲ್ಲಿ ಸರಿಯಾಗದಿದ್ದರೆ ಮುಂದೆ ಎಂತ ಮಾಡಿದರೂ ಪ್ರಯೋಜನ ಇಲ್ಲ,” ಎಂದಳು ಆಕೆ. ಒಂದು ಬೀಜವನ್ನು ಸೀಳಿ ತೋರಿಸಿದಳು. ನೇರಳೆ ಬಣ್ಣ ಅಂಚಿನಿಂದ ಕಂದಾಗುತ್ತಿತ್ತು. ಚಾಕೊಲೇಟಿನ ವಾಸನೆಗೆ ಬೇಕಾದ ಬೀಜದೊಳಗಿನ ಬದಲಾವಣೆಗಳು ಆ ಬಿಸಿಯಲ್ಲೇ ಆಗುವುದು. ಹುರಿಯುವಾಗ ಅವು ಅರಳುತ್ತವೆ ಅಷ್ಟೇ. ಆಮೇಲೆ ಬಿಸಿಲು. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು, ಅಂಚಿನಲ್ಲಿ ಒಂದು ಚಾಪೆಯಷ್ಟು ಜಾಗ ಕೊಕ್ಕೊಗೆ. ಮಾವನ ರಾಜ್ಯದಲ್ಲಿ ಸೊಸೆಗೆ ಸಿಕ್ಕ ಜಹಗೀರು. ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಟ್ಲದ ಕೇಂದ್ರ ಇಲ್ಲಿಗೆ ದೂರವಲ್ಲ. ಕೊಕ್ಕೊ ಮೇಲೆ ದಶಕಗಳಿಂದ ಸಂಶೋಧನೆ ನಡೆಸಿರುವ ಜಾಗ. ತೋಟದಲ್ಲೇ ಚಾಕೊಲೇಟ್ ಮಾಡಿ ‘ಅನುತ್ತಮ’ ಎಂಬ ಹೆಸರಿನಲ್ಲಿ ಮಾರುವ ಕೃಷಿಕ ಕುಟುಂಬವೂ ಇದೇ ಜಿಲ್ಲೆಯದು. ಅವರನ್ನು ನೋಡಿಯೇ ತನಗೂ ಹುಮ್ಮಸ್ಸು ಬಂದದ್ದು ಎಂದಳು.

ಹಿಂದಿನ ಉಗ್ರಾಣದಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಪಾತ್ರೆಯಲ್ಲಿ ಕರಿಗಂದು ಅಲೆ, ಕಲ್ಲಿನ ಅಡಿಯಿಂದ ಎದ್ದು ಮಡಿಚಿಕೊಳ್ಳುತ್ತ. ನಾನು ಮೊದಲು ನೋಡಿದ್ದು ಮೋಟಾರನ್ನು. ಅದರ ಕಡೆಗೆ ಮುಖಮಾಡಿ ಒಂದು ಟೇಬಲ್ ಫ್ಯಾನ್ ಓಡುತ್ತಿತ್ತು.

“ಇದು ಚಾಕೊಲೇಟಿನದ್ದೇ ಮೆಶಿನು, ಆದರೂ ನನಗೆ ಧೈರ್ಯ ಸಾಲದು,” ಎಂದು ನಕ್ಕಳು. “ನಲವತ್ತೆಂಟು ಗಂಟೆ. ಮೋಟಾರಿನದ್ದು ಚಿಂತೆ ಇಲ್ಲ ಅಕ್ಕ, ಕರೆಂಟಿನದ್ದೇ ಚಿಂತೆ. ನಡುವೆ ಹೋದರೆ ತಣಿದು ಕಲ್ಲು ಸಮೇತ ಹಿಡಿದುಕೊಳ್ಳುತ್ತದೆ. ಮತ್ತೆ ಬಿಸಿ ಮಾಡಿ ಬಿಡಿಸುವಷ್ಟರಲ್ಲಿ ಸಾಕುಬೇಕು. ಮಳೆಗಾಲದಲ್ಲಿ ನಾನು ಈ ಕೆಲಸಕ್ಕೇ ಹೋಗುವುದಿಲ್ಲ. ಬೀಜಕ್ಕೆ ಬಿಸಿಲಿಲ್ಲ, ಮೆಶಿನಿಗೆ ಕರೆಂಟಿಲ್ಲ.”

ಬೀಜ 70 ಭಾಗ, ಸಕ್ಕರೆ 30. ಬೇರೆ ಬೆಣ್ಣೆ ಹಾಕಿಲ್ಲ, ಹಾಗಾಗಿ ಮುದ್ದೆ ದಪ್ಪ. ಅಚ್ಚಿಗೆ ಸುರಿದ ಮೇಲೆ ಮೇಜಿಗೆ ಕುಟ್ಟಿ ಕುಟ್ಟಿ ಕೂರಿಸಬೇಕು. ಲೆಸಿಥಿನ್ ಇದ್ದಿದ್ದರೆ ಆ ಕುಟ್ಟಾಟ ಬೇಕಾಗುತ್ತಿರಲಿಲ್ಲ. ಹಿಂದಿನ ವಾರ ಮಾಡಿದ್ದನ್ನು ತಂದು ಮುರಿದಳು. ಶಬ್ದ ಚೆನ್ನಾಗಿತ್ತು. ಒಂದು ಬದಿಗೆ ಬೂದುಗಟ್ಟಿದಂತೆ ಬಿಳಿ ಪದರ. ಬೂಸಲ್ಲ, ಕೋಕೊ ಬೆಣ್ಣೆಯೇ ಮೇಲೆ ಬಂದು ಹರಳುಗಟ್ಟಿದ್ದು. ಪಳಗಿಸುವಾಗ ಸೆಕೆ ಹೆಚ್ಚಾಯಿತೆಂದು ಆಕೆಗೆ ಅಸಮಾಧಾನ. ರುಚಿ ಮೈಸೂರಿನದಕ್ಕಿಂತ ಒರಟು, ಹುಳಿ ಒಂದು ಕೈ ಜಾಸ್ತಿ, ಹಲ್ಲಿಗೆ ಎಲ್ಲೋ ಒಂದು ತರಿ. ಆದರೆ ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ಇತ್ತು. ನನಗೆ ಎರಡರಲ್ಲಿ ಯಾವುದು ಬೇಕೆಂದರೆ ಮೈಸೂರಿನದನ್ನೇ ಕೊಳ್ಳುತ್ತೇನೆ. ಇದನ್ನು ಕೇಳಿ ತಿನ್ನುತ್ತೇನೆ.

“ಮಗುವಿಗೆ ಹಾಲಿನದ್ದು ಆಗಬೇಕಲ್ಲ?” ಎಂದು ಆಕೆಯೇ ಕೇಳಿದಳು. ಹಾಲಿನ ಪುಡಿ ಸೇರಿದರೆ ಮುದ್ದೆ ಇನ್ನೂ ಬಿಗಿ. ಆಗ ಕೋಕೊ ಬೆಣ್ಣೆ ಬೇರೆಯಾಗಿ ತಂದು ಹಾಕಲೇಬೇಕು, ಖರ್ಚು ಏರುತ್ತದೆ. ಮಾಡಿ ಕೊಡುತ್ತೇನೆ, ಆದರೆ ಬೆಲೆ ಎಷ್ಟೆಂದು ಇಡಲಿ ಎಂದು ಮಾವನ ಮುಖ ನೋಡಿದಳು.

ಇಬ್ಬರು ಮಾಜಿ ಬ್ಯಾಂಕಿನವರಿರುವ ಜಗಲಿಯಲ್ಲಿ ಆ ಪ್ರಶ್ನೆ ಕೇಳಬಾರದಿತ್ತು. ಭಟ್ಟರು ಕಾಗದ ತಂದರು. ಮೊದಲು ಹಾಲಿಲ್ಲದ್ದರ ಲೆಕ್ಕ. ಮೂರು ಕಿಲೊ ಹಸಿ ಬೀಜ ಒಣಗಿದರೆ ಒಂದು ಕಿಲೊ. ಹುರಿದು ಸಿಪ್ಪೆ ಹಾರಿಸಿದರೆ ಮುಕ್ಕಾಲು ಕಿಲೊ. ಸಕ್ಕರೆ ಸೇರಿದರೆ ಮತ್ತೆ ಒಂದು ಕಿಲೊಗೆ ತುಸು ಮೇಲೆ. ಅಲ್ಲಿಯವರೆಗೆ ಒಮ್ಮತವಿತ್ತು. ಕರೆಂಟನ್ನು ಭಟ್ಟರು ಮನೆಖರ್ಚಿನಲ್ಲಿ ಬರೆದರು; ಸೊಸೆ ಹೊಡೆದುಹಾಕಿ ಚಾಕೊಲೇಟಿನ ಖರ್ಚಿಗೆ ತಂದಳು. ಬೀಜಕ್ಕೆ ತೋಟದ ದರವೋ, ಕ್ಯಾಂಪ್ಕೊದ ದರವೋ ಎಂಬಲ್ಲಿ ದನಿ ಏರಿತು. ಆಕೆಯ ಎರಡು ದಿನದ ಕೂಲಿ ಯಾವ ಕಾಲಂನಲ್ಲೂ ಇಲ್ಲವಲ್ಲ ಎಂದು ನಾನು ಹೇಳಿದೆ. ಭಟ್ಟರು ಪೆನ್ನು ಕೆಳಗಿಟ್ಟು, “ಮನೆಯವರಿಗೆ ಕೂಲಿ ಎಂತ?” ಎಂದರು. ಸೊಸೆ ಆ ಪೆನ್ನನ್ನು ಎತ್ತಿಕೊಂಡಳು.